ಹಳೇ ರೇಡಿಯೋದೊಳಗಿನ ವಿಷ



ಸವದತ್ತಿ ಯಲ್ಲಮ್ಮನ ಜಾತ್ರೆಗೆ ರೊಕ್ಕ ಬೇಕು ಅಂತ ನಾನೂ ನನ್ನ ತಮ್ಮನೂ ಒಂದು ಕೆಲಸ ಮಾಡಿದೆವು. ಅಟ್ಟದ ಮೇಲಿದ್ದ ಹಳೇ ರೇಡಿಯೋ ಮತ್ತು ಕೆಟ್ಟ ವೈರುಗಳನ್ನು ಹಿತ್ತಲಕ್ಕೆ ಒಯ್ದು ಸುಟ್ಟೆವು. ಮೇಲಿನ ಪ್ಲಾಸ್ಟಿಕ್ ಸುಟ್ಟರೆ ಒಳಗಿನ ತಾಮ್ರ ಸಿಗುತ್ತದೆ. ಮೋಡಕಾ ಅಂಗಡಿಯಲ್ಲಿ ತಾಮ್ರಕ್ಕೆ 40 ರೂಪಾಯಿ ಬಂತು. ಆದರೆ ಆ ಕರಿ ಹೊಗೆಯಿಂದ ತಮ್ಮನಿಗೆ ಕೆಮ್ಮು ಹತ್ತಿತು. ಔಷಧಕ್ಕೆ 40 ರೂಪಾಯಿಗಿಂತ ಹೆಚ್ಚೇ ಹೋಯಿತು.

ಬೈಲಹೊಂಗಲದಲ್ಲಿ ರೇಡಿಯೋ, ಟಿ.ವಿ. ರಿಪೇರಿ ಮಾಡುವ ನಮ್ಮ ಮಾಮಾ ಬಂದು ಬೂದಿ ನೋಡಿದರು. “ಯವ್ವಾ, ಇದರಾಗ ಸೀಸ ಐತಿ. ಸೀಸ ಅಂದ್ರ ವಿಷ. ಇದಕ್ಕ ಸರಕಾರದ ಕಾಯ್ದೆನೂ ಐತಿ, ಗೊತ್ತೈತೇನು?” ಅಂದರು. ನನಗೆ ಗೊತ್ತಿರಲಿಲ್ಲ. ಮಾಮಾನನ್ನೂ ವಿಜ್ಞಾನದ ಗುರುಗಳನ್ನೂ ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತೇನೆ.

ವಿಷಗಳು ಯಾವುವು?

1. ಸೀಸ: ತಂತಿ ಜೋಡಿಸುವ ಬೆಸುಗೆಯಲ್ಲಿ, ಹಳೇ ಡಬ್ಬಿ ಟಿ.ವಿ.ಯ ಗಾಜಿನಲ್ಲಿ ಇರುತ್ತದೆ. ಬೆಳೆಯುವ ಮಕ್ಕಳ ಮೆದುಳಿಗೆ ಕೆಟ್ಟದ್ದು.
2. ಪಾದರಸ: ಟ್ಯೂಬ್‌ಲೈಟಿನಲ್ಲಿ ಇರುತ್ತದೆ. ನರಗಳಿಗೆ ಕೆಟ್ಟದ್ದು.
3. ಕ್ಯಾಡ್ಮಿಯಂ: ಕೆಲವು ಸ್ವಿಚ್ಚುಗಳಲ್ಲಿ, ಬಣ್ಣಗಳಲ್ಲಿ ಇರುತ್ತದೆ. ಮೂತ್ರಪಿಂಡಕ್ಕೆ ಕೆಟ್ಟದ್ದು.
4. ಹೆಕ್ಸಾವೇಲೆಂಟ್ ಕ್ರೋಮಿಯಂ: ಸ್ಕ್ರೂ, ತಗಡು ತುಕ್ಕು ಹಿಡಿಯದಂತೆ ಬಳಿಯುತ್ತಿದ್ದರು. ಇದರಿಂದ ಕ್ಯಾನ್ಸರ್ ಬರಬಹುದು.
5 ಮತ್ತು 6. ಪಿ.ಬಿ.ಬಿ. ಮತ್ತು ಪಿ.ಬಿ.ಡಿ.ಇ.: ಪ್ಲಾಸ್ಟಿಕ್ಕಿಗೆ ಬೆಂಕಿ ಬೇಗ ಹತ್ತಬಾರದೆಂದು ಬೆರೆಸುತ್ತಿದ್ದ ರಾಸಾಯನಿಕಗಳು.

ನಿಯಮ ಏನು ಹೇಳುತ್ತದೆ?

ಯುರೋಪಿನ ದೇಶಗಳಲ್ಲಿ 2006ರ ಜುಲೈ 1ರಿಂದ ಈ ಆರಕ್ಕೂ ಮಿತಿ ಬಂತು. ನಮ್ಮ ದೇಶದಲ್ಲಿ ಇ-ತ್ಯಾಜ್ಯ ನಿಯಮ 2012ರ ಮೇ 1ರಿಂದ ಜಾರಿಗೆ ಬಂತು. ವಿಷ ಕಡಿಮೆ ಮಾಡಲು ಕಂಪನಿಗಳಿಗೆ ಎರಡು ವರ್ಷ ಸಮಯ ಕೊಟ್ಟರು. ಈಗ ಇರುವುದು 2022ರ ನಿಯಮ. ಇದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಮಿತಿ ಎಷ್ಟೆಂದರೆ, ಕ್ಯಾಡ್ಮಿಯಂ ಶೇಕಡಾ 0.01, ಉಳಿದ ಐದೂ ಒಂದೊಂದು ಶೇಕಡಾ 0.1. ನಾವು ಕಲಿತ ಶೇಕಡಾ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೇ ಬೆಸುಗೆ ತಂತಿಯಲ್ಲಿ 63 ಪಾಲು ತವರ, 37 ಪಾಲು ಸೀಸ ಇರುತ್ತಿತ್ತು. ಅಂದರೆ 1 ಕಿಲೋ ಬೆಸುಗೆಯಲ್ಲಿ 370 ಗ್ರಾಂ ಸೀಸ! ನಿಯಮದ ಪ್ರಕಾರ 1 ಗ್ರಾಂಗಿಂತ ಹೆಚ್ಚು ಇರಬಾರದು. ಟ್ಯೂಬ್‌ಲೈಟಿನ ಪಾದರಸದಂಥ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ.

ಇಡೀ ರೇಡಿಯೋದ ತೂಕ ಹಿಡಿದು ಲೆಕ್ಕ ಮಾಡುವ ಹಾಗಿಲ್ಲ. ಹತ್ತು ಚೀಲ ಒಳ್ಳೇ ಜೋಳದಲ್ಲಿ ಒಂದು ಚೀಲ ಹುಳುಕು ಜೋಳ ಬೆರೆಸಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಚೀಲ ಚೀಲ ಬಿಚ್ಚಿ ನೋಡಬೇಕು. ಹಾಗೆಯೇ ಬೆಸುಗೆ ಬೇರೆ, ವೈರಿನ ಪ್ಲಾಸ್ಟಿಕ್ ಬೇರೆ, ಸ್ಕ್ರೂ ಮೇಲಿನ ಲೇಪ ಬೇರೆ ಅಂತ ಒಂದೊಂದನ್ನೂ ಪರೀಕ್ಷೆ ಮಾಡುತ್ತಾರೆ.

ಕಂಪನಿಯವರು ಹೇಗೆ ಪಾಲಿಸುತ್ತಾರೆ?

ಬಿಡಿ ಸಾಮಾನು ಕೊಡುವವರಿಂದ ವಿಷ ಮಿತಿಯಲ್ಲಿದೆ ಅಂತ ಬರೆಸಿಕೊಳ್ಳುತ್ತಾರೆ. ಸಂಶಯ ಬಂದರೆ ಎಕ್ಸ್-ರೇ ಯಂತ್ರದಿಂದ ನೋಡುತ್ತಾರೆ. ಸೀಸದ ಬೆಸುಗೆ ಬಿಟ್ಟು ತವರ, ಬೆಳ್ಳಿ, ತಾಮ್ರದ ಬೆಸುಗೆ ಹಾಕುತ್ತಾರೆ. ಹಳೆಯದು 183 ಡಿಗ್ರಿಗೆ ಕರಗುತ್ತಿತ್ತು, ಹೊಸದಕ್ಕೆ ಸುಮಾರು 217 ಡಿಗ್ರಿ ಕಾವು ಬೇಕು. “ಹೊಸಾದು ಲಗೂನ ಕರಗೂದಿಲ್ಲ” ಅಂತ ಮಾಮಾ ಗೊಣಗುತ್ತಾರೆ! ಸಾಮಾನಿನ ಜೊತೆ ಬರುವ ಪುಸ್ತಕದಲ್ಲಿ ನಿಯಮ ಪಾಲಿಸಿದ್ದೇವೆ ಅಂತ ಕಂಪನಿಯವರು ಬರೆಯಲೇಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಪೇಟೆಯಿಂದ ಸಾಮಾನು ತರಿಸಿ ಪರೀಕ್ಷಿಸಬಹುದು. ಅದರ ಖರ್ಚು ಕಂಪನಿಯದೇ.

ಆದರೆ ನಮ್ಮ ಹಿತ್ತಲಕ್ಕೆ?

ಈ ಮಿತಿ ಹೊಸ ಸಾಮಾನಿಗೆ ಮಾತ್ರ. ನಮ್ಮ ಅಜ್ಜನ ರೇಡಿಯೋ ನಿಯಮಕ್ಕಿಂತ ಹಳೆಯದು. ಅದರ ಸೀಸ ಸುಟ್ಟರೂ ನಾಶವಾಗುವುದಿಲ್ಲ, ಹೊಗೆಯಲ್ಲಿ ಮತ್ತು ಬೂದಿಯಲ್ಲಿ ಇರುತ್ತದೆ. ಮಳೆ ಬಂದರೆ ಬೂದಿ ಹಳ್ಳಕ್ಕೆ, ಹಳ್ಳ ಮಲಪ್ರಭೆಗೆ. ಮಲಪ್ರಭೆ ಸವದತ್ತಿಯ ನವಿಲುತೀರ್ಥ ಅಣೆಕಟ್ಟು ದಾಟಿ ರಾಮದುರ್ಗಕ್ಕೆ ಹೋಗುತ್ತದೆ. ನಾವು ಸುಟ್ಟದ್ದು ಮತ್ತೊಬ್ಬರ ಕೊಡಕ್ಕೆ ಹೋಗಬಾರದಲ್ಲವೇ? ಮಾಮಾ ಬೂದಿಗೆ ನೀರು ಚಿಮುಕಿಸಿ ಡಬ್ಬಿಯಲ್ಲಿ ತುಂಬಿ ಮುಚ್ಚಿಟ್ಟಿದ್ದಾರೆ.

ಆದ್ದರಿಂದ ಗೆಳೆಯರೇ, ವೈರು ಸುಡಬ್ಯಾಡ್ರಿ. ಟ್ಯೂಬ್‌ಲೈಟ್ ಒಡೆದು ಆಟ ಆಡಬ್ಯಾಡ್ರಿ. ಚಕ್ರದ ಕಸದ ಡಬ್ಬಿಯ ಮೇಲೆ ಅಡ್ಡಗೀಟು ಎಳೆದ ಚಿತ್ರ ಇದ್ದರೆ ಆ ಸಾಮಾನನ್ನು ಕಸದಲ್ಲಿ ಹಾಕಬಾರದು ಎಂದು ಅರ್ಥ.

ಗುರುಗಳಲ್ಲಿ ನನ್ನದೊಂದು ವಿನಂತಿ. ಶಾಲೆಯಲ್ಲಿ ಒಂದು ಪೆಟ್ಟಿಗೆ ಇಡಿಸಬೇಕು. ಕೆಟ್ಟ ವೈರು, ಚಾರ್ಜರ್, ರೇಡಿಯೋ ಎಲ್ಲಾ ಅದರಲ್ಲಿ ಹಾಕೋಣ. ತುಂಬಿದ ಮೇಲೆ ನೋಂದಣಿ ಆದ ಮರುಬಳಕೆದಾರರಿಗೆ ಮುಟ್ಟಿಸಲು ಮಾಮಾ ಒಪ್ಪಿದ್ದಾರೆ. ಮೊದಲ ಸಾಮಾನು ನಮ್ಮ ಮನೆಯದೇ. ಸುಡದೇ ಉಳಿದ ಅರ್ಧ ರೇಡಿಯೋ ತಮ್ಮ ತಂದು ಹಾಕುತ್ತಾನೆ.

— 7ನೇ ತರಗತಿ ವಿದ್ಯಾರ್ಥಿನಿ