ತೂಗುಕುಂಡದ ಗಿಡಕ್ಕೆ ಹಿಮದ ಭಯವೋ, ಬಿಸಿಲಿನ ಭಯವೋ?

ನಮ್ಮ ಸದಸ್ಯ ಬಂಧುಗಳಲ್ಲಿ ಅನೇಕರ ಮಕ್ಕಳು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಅಂದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿದ್ದಾರೆ. ಅಂಗಳವಿಲ್ಲದ ಮನೆಗಳು. ಊರಿನಿಂದ ಹೋಗುವ ಜರಿಗಿಡ, ಬೆಗೋನಿಯಗಳು ಬಾಲ್ಕನಿಯ ತೂಗುಕುಂಡಕ್ಕೇ ಸೇರಬೇಕು. "ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಗಿಡ ಕರಟಿಹೋಗುತ್ತದೆ, ಹಿಮ ಬಿದ್ದು ಹೀಗಾಗುತ್ತದೆಯೇ?" ಎಂಬ ಪ್ರಶ್ನೆ ನಮಗೆ ಬರುತ್ತಲೇ ಇರುತ್ತದೆ.

ಹಿಮದಿಂದಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಹಿಮದ ಪೆಟ್ಟು ಎಂದರೆ 1975ರ ಜುಲೈಯಲ್ಲಿ ಬ್ರೆಜಿಲ್ಲಿನ ಪರಾನಾ ಪ್ರಾಂತ್ಯದ ಕಾಫಿ ತೋಟಗಳನ್ನು ಕರಕಲು ಮಾಡಿ, ಜಗತ್ತಿನ ಕಾಫಿ ಬೆಲೆಯನ್ನೇ ಏರಿಸಿದಂಥದು. ನಮ್ಮ ಊರುಗಳ ಚಳಿ ಅಷ್ಟರದ್ದಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆಗಳು ತಮ್ಮ ಶಾಖವನ್ನು ಬಯಲಿಗೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ. ತೋಟದಲ್ಲಿ ನೆರಳುಮರ ಇದನ್ನು ತಡೆಯುತ್ತದೆ, ಬಾಲ್ಕನಿಯಲ್ಲಿ ಮೇಲಿನ ತಾರಸಿ ತಡೆಯುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಕುಂಡವನ್ನು ಒಳಗಿನ ಕೊಂಡಿಗೆ ಸರಿಸಿ, ಸಂಜೆಯ ಬದಲು ಬೆಳಿಗ್ಗೆ ನೀರು ಕೊಟ್ಟರೆ ಸಾಕು.

ಗಿಡವನ್ನು ಕೊಲ್ಲುವುದು ಫೆಬ್ರವರಿಯಿಂದ ಏರುವ ಇಳಿಹೊತ್ತಿನ ಬಿಸಿಲು. ಇದನ್ನು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ನೈಋತ್ಯದ ಬಿಸಿಲು ನೇರವಾಗಿ ಬಡಿದರೆ ಮರದ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕೇ ನಾವು ಕಾಂಡಕ್ಕೆ ಸೋಗೆ ಕಟ್ಟುತ್ತೇವೆ, ಸುಣ್ಣ ಬಳಿಯುತ್ತೇವೆ, ತೋಟದ ದಕ್ಷಿಣ ಮತ್ತು ಪಶ್ಚಿಮದ ಅಂಚಿನಲ್ಲಿ ಎತ್ತರದ ಮರಗಳನ್ನು ಬೆಳೆಸುತ್ತೇವೆ. ಪಶ್ಚಿಮಕ್ಕೆ ಮುಖವಿರುವ ಬಾಲ್ಕನಿಗೂ ಅದೇ ನ್ಯಾಯ. ತೂಗುಕುಂಡದ ಕಷ್ಟ ಇನ್ನೂ ಒಂದು ಪಟ್ಟು ಹೆಚ್ಚು. ಅದಕ್ಕೆ ಕೆಳಗೆ ತಂಪು ನೆಲವಿಲ್ಲ, ಸುತ್ತ ಎಲ್ಲ ಕಡೆಯಿಂದಲೂ ಒಣಗಾಳಿ ಬೀಸುತ್ತದೆ. ಹಿಡಿಯಷ್ಟು ಮಣ್ಣು ಒಂದೇ ಮಧ್ಯಾಹ್ನದಲ್ಲಿ ಒಣಗುತ್ತದೆ.

ನಾವೂ ಒಮ್ಮೆ ತಪ್ಪು ಮಾಡಿದೆವು. ವಿಜಯನಗರದ ಬಂಧುಗಳ ಮನೆಯಲ್ಲಿ, ಚಳಿಗೆಂದು ಕುಂಡಗಳಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ತೆಗೆಯಲು ಮರೆತೆವು. ಮಾರ್ಚ್ ಮೊದಲ ವಾರದಲ್ಲಿ ನೋಡಿದರೆ ಬೆಗೋನಿಯ ಬೆಂದ ಸೊಪ್ಪಿನಂತಾಗಿತ್ತು. ಅಂದಿನಿಂದ ಪ್ಲಾಸ್ಟಿಕ್ಕಿನ ಹೆಸರೆತ್ತುವುದಿಲ್ಲ. ಪಶ್ಚಿಮದ ಕಂಬಿಗೆ ಹಳೆಯ ಹತ್ತಿ ಸೀರೆಯನ್ನೋ ಹಸಿರು ನೆರಳುಬಲೆಯನ್ನೋ ಕಟ್ಟುತ್ತೇವೆ. ಮಧ್ಯಾಹ್ನದಿಂದ ಸಂಜೆವರೆಗೆ ಮರೆ ಇದ್ದರೆ ಸಾಕು, ಬೆಳಗಿನ ಎಳೆಬಿಸಿಲು ಬೇಕೇ ಬೇಕು.

ಕುಂಡದ ಒಳಮೈಗೆ ಅಡಿಕೆ ಹಾಳೆ ಹಾಸಿ, ತಳದಲ್ಲಿ ನಾಲ್ಕೈದು ತೂತು ಮಾಡಿ, ಮಣ್ಣಿಗೆ ಕೊಳೆತ ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿದರೆ ತೇವ ಬಹಳ ಹೊತ್ತು ನಿಲ್ಲುತ್ತದೆ. ಹಾಳೆ ಒಂದೆರಡು ವರ್ಷದಲ್ಲಿ ಕೊಳೆಯುತ್ತದೆ, ನಮಗೇನು, ತೋಟದಲ್ಲಿ ಬೇಕಾದಷ್ಟಿದೆ.

ನೀರಿನ ಮಾತು ಬೇರೆ. 2024ರ ಮಾರ್ಚ್‌ನಲ್ಲಿ ನಗರದಲ್ಲಿ ನೀರಿಗೆ ತತ್ವಾರವಾದಾಗ, ಕುಡಿಯುವ ನೀರನ್ನು ಗಿಡಗಳಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಮಾಡಿತ್ತು. ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೂಡಿಟ್ಟು, ಕುಂಡವನ್ನು ಇಳಿಸಿ ಹತ್ತು ನಿಮಿಷ ಅದ್ದಿ, ಸೋರಿದ ಮೇಲೆ ತೂಗುಹಾಕಿ. ಮೇಲಿನಿಂದ ಸುರಿದರೆ ಒಣಗಿದ ಮಣ್ಣಿನ ಬದಿಯಿಂದ ಹರಿದು ಕೆಳಗಿನ ಮನೆಯವರ ಒಣಬಟ್ಟೆಯ ಮೇಲೆ ಬೀಳುತ್ತದೆ, ಆಮೇಲಿನ ಜಗಳ ಬೇರೆ! ಅದ್ದಿದ ನೀರನ್ನೇ ಮುಂದಿನ ಕುಂಡಕ್ಕೂ ಬಳಸಬಹುದು, ಆದರೆ ರೋಗ ತಗುಲಿದ ಗಿಡವಿದ್ದರೆ ಅದನ್ನು ಕಡೆಗೆ ಅದ್ದಿ.

ಊರಿನಿಂದ ಹೊಸ ಗಿಡ ಕಳುಹಿಸುವವರು ಮಳೆ ಹಿಡಿಯುವವರೆಗೆ, ಅಂದರೆ ಜೂನ್‌ವರೆಗೆ ತಡೆಯುವುದು ಲೇಸು.