ನಿಮಗಿದು ಗೊತ್ತೆ? ಒಟಿಪಿ ಕಸಿದರೂ ಜೈಲು

ಕಂಪ್ಯೂಟರ್ ಅಪರಾಧಗಳಿಗೆ ಭಾರತದ ಮುಖ್ಯ ಕಾನೂನು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ. ವಿಚಿತ್ರವೆಂದರೆ, ‘ಸೈಬರ್ ಅಪರಾಧ’ ಎಂಬ ಪದಕ್ಕೆ ಅದರಲ್ಲಿ ವ್ಯಾಖ್ಯೆಯೇ ಇಲ್ಲ. ಕೃತ್ಯಗಳನ್ನು ಒಂದೊಂದಾಗಿ ಹೆಸರಿಸಲಾಗಿದೆ. ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರ್ ಪ್ರವೇಶಿಸುವುದು, ಮಾಹಿತಿ ನಕಲಿಸುವುದು, ವೈರಸ್ ಬಿಡುವುದು 43ನೇ ಕಲಮಿನಂತೆ ಪರಿಹಾರ ತೆರಬೇಕಾದ ತಪ್ಪುಗಳು. ಅವನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಗೆಂದು ಮಾಡಿದರೆ 66ನೇ ಕಲಂ ಅನ್ವಯಿಸುತ್ತದೆ: 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಹಳ್ಳಿಗಳಿಗೆ ಹೆಚ್ಚು ಹತ್ತಿರದವು 2008ರ ತಿದ್ದುಪಡಿಯಲ್ಲಿ ಸೇರಿದ 66ಸಿ, 66ಡಿ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ರೈತರೊಬ್ಬರಿಗೆ ‘ಬ್ಯಾಂಕಿನವರು’ ಎಂದು ಫೋನ್ ಮಾಡಿ, ಒಟಿಪಿ ಕಸಿದು ಹಣ ಎಗರಿಸಿದರೆ ಅದು 66ಡಿ. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ 66ಸಿ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಕರೆ ವಿದೇಶದಿಂದ ಬಂದಿದ್ದರೂ, ಭಾರತದೊಳಗಿನ ಕಂಪ್ಯೂಟರ್ ಬಳಕೆಯಾಗಿದ್ದರೆ 75ನೇ ಕಲಮಿನಂತೆ ಕಾಯ್ದೆ ಬೆನ್ನಟ್ಟುತ್ತದೆ, ಕಾಗದದ ಮೇಲಾದರೂ.

ಇಂಥ ಪ್ರಕರಣಗಳ ತನಿಖಾಧಿಕಾರಿ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿರುವಂತಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೇರಿದಂತೆ ಇಡೀ ಜಿಲ್ಲೆಗೆ ವಿಜಯಪುರದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಿದೆ. ಹಣ ಹೋದ ಕೂಡಲೇ ಕರೆ ಮಾಡಬೇಕಾದ ಸಂಖ್ಯೆ 1930.