ತೋಟಾದ ಹಿತ್ತಾಳೆ ಎಷ್ಟು ಸಲ ಬಾಳುತ್ತದೆ?

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿಬಂದ ಓದುಗರೊಬ್ಬರು ಪ್ರಶ್ನೆಯೊಂದನ್ನು ಕಳಿಸಿದ್ದಾರೆ. ಅಲ್ಲಿನ ನೆರೆಮನೆಯಾತ ಶೂಟಿಂಗ್ ರೇಂಜಿನಲ್ಲಿ ಪಿಸ್ತೂಲು ಹೊರಚೆಲ್ಲಿದ ಖಾಲಿ ತೋಟಾಗಳನ್ನು ಆರಿಸಿ ತಂದು, ಉಜ್ಜಿ ಹೊಳಪು ಮಾಡಿ, ಗ್ಯಾರೇಜಿನಲ್ಲಿ ಕೂತು ಮತ್ತೆ ಮದ್ದು ತುಂಬುತ್ತಾನಂತೆ. ‘ಅಂಥ ಸಿಡಿತವನ್ನು ತಡೆದುಕೊಂಡ ಲೋಹ ಮತ್ತೆ ಬಳಕೆಗೆ ಬರುವುದು ಹೇಗೆ? ಅದು ಸೀಳಿಹೋಗುವುದಿಲ್ಲವೆ?’ ಎಂದು ಕೇಳಿದ್ದಾರೆ.

ಹ್ಯಾಂಡ್‌ಲೋಡಿಂಗ್ ಎಂಬ ಈ ಹವ್ಯಾಸಕ್ಕೆ ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ಮಾರಾಟಕ್ಕೆ ಮಾಡುವವರಿಗಷ್ಟೇ ಕೇಂದ್ರ ಸರ್ಕಾರದ ಲೈಸೆನ್ಸು ಬೇಕು. ನಮ್ಮಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಮದ್ದು ತುಂಬುವ ವಿಧಾನ ನಮಗೆ ಬೇಡ. ಓದುಗರ ಪ್ರಶ್ನೆ ಲೋಹದ್ದು, ಮತ್ತು ಆ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮದೇ ಮಳೆಗಾಲದಲ್ಲಿ.

ತೋಟಾದಲ್ಲಿರುವುದು ನಾಲ್ಕೇ ವಸ್ತು: ಗುಂಡು, ಮದ್ದು, ಕಿಡಿ ಕೊಡುವ ಪ್ರೈಮರ್, ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆಯ ಕೇಸ್. ಕುದುರೆ ಎಳೆದ ಮೇಲೆ ಗುಂಡು ಹಾರಿಹೋಗುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಪ್ರೈಮರ್ ಸತ್ತುಹೋಗುತ್ತದೆ. ಉಳಿಯುವುದು ಕೇಸ್ ಒಂದೇ. ತೋಟಾದಲ್ಲಿ ತಯಾರಿಸಲು ಅತಿ ಕಷ್ಟವಾದ ಭಾಗವೂ ಅದೇ ಇರಬೇಕು ಎನ್ನುವಷ್ಟು ಸೂಕ್ಷ್ಮ ಅದರ ರಚನೆ.

ಒಳಗೆ ನಡೆಯುವುದು ಡೈನಮೈಟಿನಂಥ ಸ್ಫೋಟವಲ್ಲ, ಅತಿ ವೇಗದ ಉರಿ. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ನೈಟ್ರೋಸೆಲ್ಯುಲೋಸನ್ನು ಈಥರ್-ಆಲ್ಕೊಹಾಲಿನಲ್ಲಿ ನಾದಿ ಹಾಳೆಯಾಗಿಸಿ, ಹೆಚ್ಚು ಹೊಗೆಯಿಲ್ಲದೆ ಪದರಪದರವಾಗಿ ಉರಿಯುವ ಮದ್ದನ್ನು ತಯಾರಿಸಿದ. ಒತ್ತಡ ಏರಿದಂತೆ ಈ ಉರಿಯ ವೇಗವೂ ಏರುತ್ತದೆ. ಆಸ್ಟ್ರಿಯಾದ ಜಾರ್ಜ್ ಲೂಗರ್ ರೂಪಿಸಿದ, 1902ರಲ್ಲಿ ಹೊರಬಂದ 9 ಮಿ.ಮೀ. ತೋಟಾದಲ್ಲಿ ಅದು ವಾತಾವರಣದ ಒತ್ತಡದ ಸುಮಾರು 2,400 ಪಟ್ಟಿನವರೆಗೆ ಹೋಗಬಹುದು. ಆ ಪುಟ್ಟ ಕೇಸಿನ ಉದ್ದ ಎರಡು ಸೆಂಟಿಮೀಟರಿಗೂ ಕಡಿಮೆ. ಜಾಗ ಇಷ್ಟು ಇಕ್ಕಟ್ಟಾದ್ದರಿಂದ ಗುಂಡು ತುಸು ಹೆಚ್ಚು ಒಳಕ್ಕೆ ಇಳಿದರೂ ಒತ್ತಡ ಅಪಾಯದ ಮಟ್ಟಕ್ಕೆ ಜಿಗಿಯಬಹುದು.

ಅಷ್ಟು ಒತ್ತಡವನ್ನು ತೆಳ್ಳಗಿನ ಹಿತ್ತಾಳೆ ಒಂಟಿಯಾಗಿ ತಡೆಯುವುದಿಲ್ಲ. ಉಬ್ಬಿ, ಸುತ್ತಲಿನ ಉಕ್ಕಿನ ಗೋಡೆಗೆ ಒತ್ತಿಕೊಂಡು, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ಸಂದು ಮುಚ್ಚುತ್ತದೆ. ಭಾರ ಹೊರುವುದು ಉಕ್ಕು. ಗುಂಡು ನಳಿಗೆ ಬಿಟ್ಟೊಡನೆ ಒತ್ತಡ ಕುಸಿಯುತ್ತದೆ, ಹಿತ್ತಾಳೆ ತುಸು ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಈ ಕುಗ್ಗುವಿಕೆಯಲ್ಲೇ ಹಿತ್ತಾಳೆಯ ಹಿರಿಮೆಯಿದೆ. ಉಕ್ಕಿನ ಯಂಗ್ ಮಾಡ್ಯುಲಸ್, ಅಂದರೆ ಎಳೆತಕ್ಕೆ ಮಣಿಯದ ಗುಣದ ಅಳತೆ, ಸುಮಾರು 200 ಗಿಗಾಪಾಸ್ಕಲ್, ಶೇ. 70 ತಾಮ್ರ, ಶೇ. 30 ಸತುವಿನ ಹಿತ್ತಾಳೆಯದು ಸುಮಾರು 110. ಅಂದರೆ ಎರಡೂ ಒಂದೇ ಬಲದವಾಗಿದ್ದರೆ, ಹಿತ್ತಾಳೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಂದಕ್ಕೆ ಚಿಮ್ಮುತ್ತದೆ.

ರಿವಾಲ್ವರಿನಲ್ಲಿ ಖಾಲಿ ಕೇಸನ್ನು ಕೈಯಿಂದ ದೂಡಿ ತೆಗೆಯಬಹುದು. ಸೆಮಿ-ಆಟೊಮ್ಯಾಟಿಕ್ ಪಿಸ್ತೂಲಿಗೆ ಅಷ್ಟು ಬಿಡುವಿಲ್ಲ. ಜಾನ್ ಬ್ರೌನಿಂಗ್ ರೂಪಿಸಿ, 1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ ಪಿಸ್ತೂಲನ್ನೇ ನೋಡಿ. ಗುಂಡಿನ ಹಿನ್ನೊದೆತಕ್ಕೆ ನಳಿಗೆಯೂ ಮೇಲಿನ ಸ್ಲೈಡೂ ಕೂಡಿಯೇ ಸ್ವಲ್ಪ ಹಿಂದೆ ಸರಿಯುತ್ತವೆ. ನಳಿಗೆ ಕೆಳಗೆ ಬಾಗಿ ನಿಲ್ಲುತ್ತದೆ, ಸ್ಲೈಡ್ ಮಾತ್ರ ಮುಂದುವರಿದು ಕೇಸನ್ನು ಕೊಕ್ಕೆಯಿಂದ ಎಳೆದು ಎಸೆಯುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ. ತೋಟಾ ದುರ್ಬಲವಾದರೆ ಸ್ಲೈಡ್ ಅರ್ಧಕ್ಕೆ ನಿಲ್ಲುತ್ತದೆ, ಪ್ರಬಲವಾದರೆ ಯಂತ್ರವನ್ನೇ ಜಜ್ಜುತ್ತದೆ. ಹ್ಯಾಂಡ್‌ಲೋಡಿಂಗ್ ಮಾಡುವವರು ತೂಕ, ಅಳತೆಗಳ ಬಗ್ಗೆ ಪ್ರಯೋಗಶಾಲೆಯವರಷ್ಟು ಕಟ್ಟುನಿಟ್ಟಾಗಿರುವುದು ಇದರಿಂದಲೇ.

ಹಾರಿಸಿದ ಕೇಸ್ ಕುಗ್ಗಿದರೂ ಮೊದಲಿನ ಗಾತ್ರಕ್ಕೆ ಮರಳುವುದಿಲ್ಲ. ಅದನ್ನು ಗಟ್ಟಿಯಾದ ಅಚ್ಚಿನೊಳಗೆ ಒತ್ತಿ ಸರಿಪಡಿಸಬೇಕು. ಹೀಗೆ ಉಬ್ಬುವುದು, ಒತ್ತಿಸಿಕೊಳ್ಳುವುದು, ಮತ್ತೆ ಉಬ್ಬುವುದು ನಡೆದಂತೆ ಲೋಹ ಗಡುಸಾಗುತ್ತದೆ. ನಮ್ಮ ಕಂಚುಗಾರರಿಗೆ ಇದು ಚೆನ್ನಾಗಿ ಗೊತ್ತು. ಹಿತ್ತಾಳೆ ತಗಡನ್ನು ಬಡಿದು ಚೊಂಬು ಮಾಡುವಾಗ, ಒಂದಷ್ಟು ಪೆಟ್ಟಾದ ಮೇಲೆ ತಗಡು ಸುತ್ತಿಗೆಗೆ ಬಗ್ಗುವುದಿಲ್ಲ, ನಾದ ಬದಲಾಗುತ್ತದೆ. ಇನ್ನೂ ಬಡಿದರೆ ಅಂಚು ಬಿರಿಯುತ್ತದೆ. ಆಗ ಅದನ್ನು ಕುಲುಮೆಗೆ ಹಿಡಿದು ಕೆಂಪಾಗಿಸಿ ಮತ್ತೆ ಬಡಿಯಲು ಕೂರುತ್ತಾರೆ. ಬೆಂಕಿ, ಸುತ್ತಿಗೆ, ಬೆಂಕಿ, ಸುತ್ತಿಗೆ. ತೋಟಾ ಕಾರ್ಖಾನೆಯಲ್ಲೂ ನಡೆಯುವುದು ಅದೇ: ದಪ್ಪ ಬಿಲ್ಲೆಯನ್ನು ಬಟ್ಟಲಾಗಿಸಿ, ಕಾಯಿಸಿ ಮೆದುವಾಗಿಸಿ, ಎಳೆದು ಉದ್ದ ಮಾಡಿ, ಮತ್ತೆ ಕಾಯಿಸುತ್ತಾರೆ. ಬುಡ ಮಾತ್ರ ಬೇಕೆಂದೇ ಗಡುಸಾಗಿ ಉಳಿಯುತ್ತದೆ.

ಪೆಟ್ಟಿಗೆ ಲೋಹ ಗಡುಸಾಗುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ತೀರಾ ಈಚೆಗೆ. 1934ರಲ್ಲಿ ಜೆಫ್ರಿ ಟೇಲರ್, ಎಗಾನ್ ಒರೊವಾನ್, ಮೈಕೆಲ್ ಪೊಲಾನಿ ಮೂವರೂ ಬೇರೆಬೇರೆಯಾಗಿಯೇ ಒಂದೇ ತೀರ್ಮಾನಕ್ಕೆ ಬಂದರು. ಪರಮಾಣುಗಳ ಸಾಲಿನಲ್ಲಿರುವ ಡಿಸ್‌ಲೊಕೇಶನ್ ಎಂಬ ತಪ್ಪುಗಳು ಸರಿದಾಡುವುದರಿಂದಲೇ ಲೋಹ ಬಗ್ಗುತ್ತದೆ. ಪೆಟ್ಟು ಬಿದ್ದಷ್ಟೂ ಈ ತಪ್ಪುಗಳು ಹೆಚ್ಚಿ, ಒಂದಕ್ಕೊಂದು ತೊಡಕಿಕೊಂಡು, ಸರಿಯಲಾರದೆ ನಿಲ್ಲುತ್ತವೆ. ಶಾಖ ಆ ತೊಡಕನ್ನು ಬಿಡಿಸುತ್ತದೆ. ಕುಲುಮೆಯ ಮುಂದೆ ಕೂತವರ ಸಾವಿರಾರು ವರ್ಷಗಳ ಅನುಭವಕ್ಕೆ ಸಿಕ್ಕ ವಿವರಣೆ ಅದು.

ಈಗ ನಮ್ಮ ಮಳೆಗಾಲಕ್ಕೆ ಬರೋಣ. ಬ್ರಿಟಿಷ್ ಸೇನೆ ಭಾರತದಲ್ಲಿ ಮಳೆಗಾಲದುದ್ದಕ್ಕೂ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಹೊರತೆಗೆದು ನೋಡಿದರೆ, ಯಾರೂ ಹಾರಿಸದ ಹೊಸ ಕೇಸುಗಳಲ್ಲಿ ಸೀಳುಗಳು! ಸೀಸನ್ ಕ್ರ್ಯಾಕಿಂಗ್ ಎಂದು ಹೆಸರಾದ ಈ ಸಮಸ್ಯೆಗೆ ಸರಿಯಾದ ವಿವರಣೆ ಬಂದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರ ಸಂಶೋಧನೆಯಿಂದ. ಕುದುರೆಯ ಮೂತ್ರದಿಂದ ಎದ್ದ ಅಮೋನಿಯಾ ತೇವದ ಗಾಳಿಯಲ್ಲಿ ಬೆರೆತು ಹಿತ್ತಾಳೆಯ ತಾಮ್ರವನ್ನು ಕೊರೆಯುತ್ತಿತ್ತು. ಆದರೆ ಅಮೋನಿಯಾ ಒಂದೇ ಸಾಲದು. ಎಳೆದು ರೂಪಿಸುವಾಗ ಲೋಹದೊಳಗೆ ಸಿಕ್ಕಿಕೊಂಡ ಬಿಗಿತವೂ ಅದರ ಜೊತೆಗೂಡಬೇಕು. ಹದವಾಗಿ ಕಾಯಿಸಿದರೆ ಗಡಸುತನ ಕಳೆಯದೆ ಆ ಬಿಗಿತ ಮಾತ್ರ ಸಡಿಲುತ್ತದೆಂದು ಅವರು ತೋರಿಸಿಕೊಟ್ಟರು. ಅಮೋನಿಯಾ ಬೆರೆತ ಪಾಲಿಶ್ ಕೇಸಿಗೆ ಮುಟ್ಟಿಸಬಾರದು ಎಂದು ಹ್ಯಾಂಡ್‌ಲೋಡಿಂಗ್ ಕೈಪಿಡಿಗಳು ಇಂದಿಗೂ ಎಚ್ಚರಿಸುವುದಕ್ಕೆ ಕಾರಣ ಇದೇ. ಅಕ್ರೋಟಿನ ಚಿಪ್ಪಿನ ಪುಡಿ ಅಥವಾ ಮೆಕ್ಕೆಜೋಳದ ದಿಂಡಿನ ತರಿಯಲ್ಲಿ ಉರುಳಿಸಿ ಹೊಳಪು ಕೊಡುವುದೇ ಅವರಲ್ಲಿ ರೂಢಿ.

ಹಾಗಾದರೆ ಕೇಸ್ ಎಷ್ಟು ಸಲ ಬಾಳುತ್ತದೆ? ಒಂದೇ ಸಂಖ್ಯೆ ಹೇಳಲಾಗದು. ಒತ್ತಡ, ಅಚ್ಚಿನ ಬಿಗಿ, ಲೋಹದ ಗುಣ ಎಲ್ಲವೂ ಅದನ್ನು ನಿರ್ಧರಿಸುತ್ತವೆ. ರೈಫಲಿಗಿಂತ ಪಿಸ್ತೂಲಿನ ಒತ್ತಡ ಕಡಿಮೆಯಾದ್ದರಿಂದ ಅದರ ಕೇಸ್ ಹಲವು ಸಲ ತಾಳುತ್ತದೆ. ಸವೆದು ಹಾಳಾಗುವ ಮೊದಲೇ ಹುಲ್ಲಿನಲ್ಲಿ ಕಳೆದುಹೋಗುವುದೇ ಹೆಚ್ಚು. ಮುಪ್ಪು ಮೊದಲು ಕಾಣಿಸುವುದು ಬಾಯಂಚಿನ ಸೀಳಾಗಿ. ಅಂಥದ್ದು ಒಂದು ಕಂಡರೂ ತೆಗೆದೆಸೆಯಬೇಕು, ಅಲ್ಲಿ ಜಿಪುಣತನ ಸಲ್ಲದು.

ಬಂದೂಕಿನ ಹವ್ಯಾಸ ನಮ್ಮಲ್ಲಿ ಹೆಚ್ಚಿನವರಿಗೆ ದೂರದ್ದು. ಆದರೆ ಲಾಯದಲ್ಲಿ ಸೀಳಿದ ತೋಟಾಗಳು ಕಲಿಸಿದ ಪಾಠ ಎಲ್ಲರಿಗೂ ಸೇರಿದ್ದು. ಹಿತ್ತಾಳೆಯ ವಾಲ್ವು, ಪೈಪಿನ ಜೋಡಣೆಗಳನ್ನು ಮಾಡುವ ಎಂಜಿನಿಯರು ಇವತ್ತಿಗೂ 1921ರ ಆ ಮೂವರು ಕೇಳಿದ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತಾನೆ: ಈ ಲೋಹದೊಳಗೆ ಬಿಗಿತ ಉಳಿದಿದೆಯೆ, ಅದರ ಸುತ್ತಲಿನ ಗಾಳಿಯಲ್ಲಿ ಏನಿದೆ? ನೋಡಲು ಗಟ್ಟಿಯಾಗಿರುವುದು ನಿಜಕ್ಕೂ ಗಟ್ಟಿಯೆ ಎಂಬುದನ್ನು ತೀರ್ಮಾನಿಸುವುದು ಈ ಎರಡು ಪ್ರಶ್ನೆಗಳೇ.